ಗುರುವಿನ ಮಗ್ಗುಲ ಚುಕ್ಕಿ

ಆ ದಿನ ಬೆಳಗಿನ ಜಾವ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಹಿಂದಿನ ಸಂಜೆ ಮಳೆಯಿಲ್ಲದ ಗುಡುಗು ಬೆಟ್ಟಸಾಲುಗಳನ್ನು ದಾಟಿಕೊಂಡು ಹೋಗಿತ್ತು. ಮಿಂಚು ಕಂಡಕಂಡ ತುದಿಯ ಮೇಲೆ ಕಾಲೂರಿ, ಒಂದು ಹನಿ ನೀರನ್ನೂ ಚೆಲ್ಲದೆ ಪೂರ್ವಕ್ಕೆ ನಡೆದುಬಿಟ್ಟಿತ್ತು. ಆಮೇಲೆ ಗಾಳಿ ಉತ್ತರಕ್ಕೆ ತಿರುಗಿ, ಚಳಿ ಹೆಚ್ಚಿ, ಟಿನ್‌ಕಪ್ ಶಿಖರದ ಕಾವಲುಗೋಪುರದ ಮೆಟ್ಟಿಲುಗಳ ಮೇಲೆ ಆ ವರ್ಷದ ಮೊದಲ ಹೆಪ್ಪುಗಟ್ಟಿದ ಇಬ್ಬನಿ ಉಪ್ಪು ಎರಚಿದ ಹಾಗೆ ಕೂತಿತ್ತು. ಮೊಂಟಾನಾದ ಆ ಮೂಲೆಯಲ್ಲಿ ಸೆಪ್ಟೆಂಬರ್ ಬರುವುದೇ ಹಾಗೆ, ಬಾಗಿಲು ತಟ್ಟದೆ.

ಆರ್ಡಿಸ್ ಹೌಗನ್ ಉಣ್ಣೆಯ ಟೋಪಿಯನ್ನು ಕಿವಿಗೆ ಎಳೆದುಕೊಂಡು, ಕೈಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಗೋಪುರದ ಉತ್ತರಕ್ಕೆ ಒಂದು ಬಂಡೆ ಇತ್ತು. ಅದರ ಮೇಲೆ ಕೂತು ತಲೆ ಎತ್ತಿದರೆ ಗೋಪುರದ ಮೂಲೆಗಂಬದ ಅಂಚಿಗೆ ಸರಿಯಾಗಿ ಗುರುಗ್ರಹ ಬರುತ್ತಿತ್ತು. ಎಷ್ಟೋ ಬೇಸಿಗೆಗಳಿಂದ ಅವಳು ಬೆಳಗಿನ ಪ್ರಾರ್ಥನೆ ಮುಗಿಸುತ್ತಿದ್ದದ್ದು ಆ ಬಂಡೆಯ ಮೇಲೆಯೇ. ಈ ದಿನವೂ ಕೂತಳು. ಆದರೆ ತಲೆ ಎತ್ತಲಿಲ್ಲ. ಕೈ ಜೋಡಿಸಿ, ಮೊಣಕಾಲನ್ನೇ ನೋಡುತ್ತಾ ಪ್ರಾರ್ಥನೆ ಹೇಳಿ ಎದ್ದುಬಿಟ್ಟಳು.

ಏಕೆ ಎತ್ತಲಿಲ್ಲ ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆ ಬೆಟ್ಟಸಾಲಿನಲ್ಲಿ ಬೆಂಕಿ ಕಾಯುವ ಗೋಪುರಗಳು ಹಲವು. ಬೇಸಿಗೆ ಬಂದಾಗ ಒಂದೊಂದಕ್ಕೆ ಒಬ್ಬೊಬ್ಬರು ಹತ್ತಿ ಕೂರುತ್ತಾರೆ, ಹಿಮ ಬಿದ್ದಾಗ ಇಳಿಯುತ್ತಾರೆ. ನಡುವೆ ಸಿಕ್ಕುವ ಮನುಷ್ಯರೆಂದರೆ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬರುವ ಕ್ಲೀಟ್ ಒಬ್ಬನೇ. ಉಳಿದವರೆಲ್ಲ ರೇಡಿಯೋದೊಳಗಿನ ದನಿಗಳು. ಅಲ್ಲಿ ಯಾರಿಗೂ ತಂದೆತಾಯಿ ಇಟ್ಟ ಹೆಸರಿಲ್ಲ. ಯಾವ ಶಿಖರದ ಮೇಲೆ ಕೂತಿದ್ದಾರೋ ಅದೇ ಹೆಸರು. ಆರ್ಡಿಸ್ ಟಿನ್‌ಕಪ್. ಕಣಿವೆಯ ಉತ್ತರಕ್ಕಿದ್ದ ಅದೇ ಏಣಿನ ಇನ್ನೊಂದು ತುದಿಯಲ್ಲಿ, ಅವಳ ಹಾಗೆಯೇ ದಕ್ಷಿಣಕ್ಕೆ ಮುಖ ಮಾಡಿಕೊಂಡಿದ್ದದ್ದು ಸ್ಯಾಡ್ಲರ್.

ಸ್ಯಾಡ್ಲರ್ ಎಂದರೆ ಬಹಳ ಕಾಲ ಹೆಸ್ಟರ್ ಆಗಿದ್ದಳು. ಇಬ್ಬರೂ ಮುಖಾಮುಖಿ ಕೂತು ಉಂಡದ್ದು ಬೆರಳೆಣಿಕೆಯಷ್ಟು ಸಲ. ಆದರೆ ಇಬ್ಬರಿಗೂ ಒಂದು ಆಟವಿತ್ತು. ಗುರು ಬೆಳಗಿನ ಆಕಾಶಕ್ಕೆ ಬಂದ ವರ್ಷಗಳಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಅದನ್ನು ಸುತ್ತುವ ಚಂದ್ರಗಳಲ್ಲಿ ದೊಡ್ಡದನ್ನು ಬರಿಗಣ್ಣಿನಲ್ಲಿ ಹಿಡಿಯುವುದು. ಗುರುವಿನ ಉರಿಯನ್ನು ಕಂಬದ ಅಂಚಿನಲ್ಲಿ ಮರೆಮಾಡಿದರೆ, ಚಂದ್ರ ತನ್ನ ಸುತ್ತಿನ ತುದಿಗೆ ಬಂದ ದಿನ, ಸೂಜಿಮೊನೆಯಂಥ ಒಂದು ಚುಕ್ಕಿ ಮಗ್ಗುಲಲ್ಲಿ ಇಣುಕುತ್ತದೆ. ಎಲ್ಲರಿಗೂ ಕಾಣುವುದಿಲ್ಲ. ಕಂಡವರಿಗೂ ದಿನಾ ಕಾಣುವುದಿಲ್ಲ. ಆರ್ಡಿಸ್ ಬರಿಗಣ್ಣಿನಲ್ಲಿ ನೋಡಿ ರೇಡಿಯೋ ಗುಂಡಿ ಒತ್ತಿ "ಎಡ" ಎನ್ನುತ್ತಿದ್ದಳು, ಇಲ್ಲವೇ "ಬಲ". ಹೆಸ್ಟರ್ ಬೈನಾಕ್ಯುಲರ್ ಎತ್ತಿ ನೋಡಿ "ಹೌದು" ಎನ್ನುತ್ತಿದ್ದಳು. ಅಷ್ಟೇ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ. ಆ ಒಂದು "ಹೌದು" ಕೇಳಿಸಿಕೊಂಡು ಇಬ್ಬರೂ ಕಾಫಿಗೆ ನೀರಿಡುತ್ತಿದ್ದರು.

ದೇವರು ಮನುಷ್ಯನಿಗೆ ಕಣ್ಣು ಕೊಟ್ಟ, ಸರಿಯೇ. ಆದರೆ ಒಬ್ಬರೇ ನೋಡಿದ್ದು ಪೂರ್ತಿ ನೋಡಿದ ಹಾಗೆ ಆಗುವುದಿಲ್ಲ. ಇನ್ನೊಂದು ಜೀವ ಎಲ್ಲೋ ಕೂತು ಹೂಂ ಅಂದಾಗಲೇ ಅದು ನೆಲೆ ನಿಲ್ಲುವುದು.

ಕಳೆದ ಚಳಿಗಾಲದಲ್ಲಿ, ಹಿಮಕ್ಕೆ ರಸ್ತೆ ಮುಚ್ಚಿದ್ದಾಗ, ಹೆಸ್ಟರ್ ತೀರಿಕೊಂಡಳು. ಆರ್ಡಿಸ್‌ಗೆ ಹೋಗಲಾಗಲಿಲ್ಲ. ಈ ಬೇಸಿಗೆ ಸ್ಯಾಡ್ಲರ್‌ಗೆ ಬಂದವನು ವೆಂಡೆಲ್ ಪ್ರೂಯಿಟ್, ಕ್ಷೌರದಂಗಡಿ ಮಾರಿ ಬಂದ ಒಳ್ಳೆಯ ಮಾತುಗಾರ. ಮೊದಲ ದಿನವೇ ರೇಡಿಯೋದಲ್ಲಿ, "ಟಿನ್‌ಕಪ್ ಮೇಡಂ, ನಾನು ಹೊಸಬ. ತಪ್ಪಿದ್ರೆ ತಿದ್ದಿ," ಎಂದಿದ್ದ.

"ಮೊದಲು ಆ ಮೇಡಂ ತೆಗೀರಿ. ಮೇಡಂ ಅಂದ್ರೆ ಹಲ್ಲಿನ ಡಾಕ್ಟರ ಹತ್ರ ಕೂತಂಗೆ ಆಗತ್ತೆ."

"ನನ್ನ ಅಂಗಡಿ ಕುರ್ಚೀಲಿ ಕೂತೋರೂ ಹಂಗೇ ಹೆದರ್ತಿದ್ರು. ಎಲ್ಲಾ ಕೂದಲು ಉದುರಿಸ್ಕೊಂಡೇ ಹೋಗ್ತಿದ್ರು."

ಮನುಷ್ಯ ಒಳ್ಳೆಯವನೇ. ಅವನ ಹತ್ತಿರ ಒಂದು ಸಣ್ಣ ದೂರದರ್ಶಕವೂ ಇತ್ತು. ಅಂಗಡಿಯ ಗಿರಾಕಿಗಳು ಸೇರಿ ಕೊಟ್ಟ ಬೀಳ್ಕೊಡುಗೆ. ಕಣ್ಣಿಡುವ ತುದಿಯಲ್ಲಿ ಮೊಣಕೈ ಮಡಚಿದ ಹಾಗೆ ಒಂದು ಬಾಗು, ಅದರೊಳಗೆ ಕನ್ನಡಿ. ಆಕಾಶ ನೋಡಲು ಕತ್ತು ನೋಯಿಸಿಕೊಳ್ಳುವಂತಿಲ್ಲ, ಬಗ್ಗಿ ಬಾವಿ ನೋಡಿದ ಹಾಗೆ ನೋಡಬಹುದು. ಆರ್ಡಿಸ್ ಹಳೆಯ ಆಟದ ವಿಷಯ ಹೇಳಿದಾಗ ಅವನಿಗೆ ಖುಷಿಯೋ ಖುಷಿ. "ನೀವು ಕಣ್ಣಲ್ಲಿ ಹೇಳಿ, ನಾನು ಗಾಜಲ್ಲಿ ನೋಡ್ತೀನಿ," ಎಂದ.

ಜುಲೈನ ಕೊನೆಯ ಒಂದು ಬೆಳಗಿನ ಜಾವ ಅವಳು ಚುಕ್ಕಿ ಹಿಡಿದಳು. "ಎಡ."

ವೆಂಡೆಲ್ ದೂರದರ್ಶಕಕ್ಕೆ ಬಗ್ಗಿ ನೋಡಿ ಹೇಳಿದ: "ಅಯ್ಯೋ, ಇಲ್ವಲ್ಲ. ದೊಡ್ಡದು ಬಲಗಡೆ ಕೂತಿದೆ. ಚೆನ್ನಾಗಿ ಕಾಣ್ತಿದೆ ನಂಗೆ."

ಕಣ್ಣು ಎಂದಮೇಲೆ ಒಮ್ಮೆ ತಪ್ಪುತ್ತದೆ. ಆಗಸ್ಟಿನಲ್ಲಿ, ಕಾಡ್ಗಿಚ್ಚಿನ ಹೊಗೆ ತಿಳಿಯಾದ ಒಂದು ದಿನ, ಅವಳು "ಬಲ" ಎಂದಳು. ಅವನು ಎಡ ಎಂದ. ಅದಾಗಿ ಒಂದಷ್ಟು ದಿನಕ್ಕೆ ಮತ್ತೆ ಅವಳು "ಎಡ" ಎಂದಳು. ಈ ಸಲ ವೆಂಡೆಲ್‌ನ ದನಿ ಮೆತ್ತಗಾಗಿತ್ತು. "ಬಿಡಿ, ನಂಗೂ ಸರಿಯಾಗಿ ಕಾಣ್ಲಿಲ್ಲ," ಎಂದ. ಸುಳ್ಳು ಹೇಳುತ್ತಿದ್ದಾನೆ ಎಂದು ಆರ್ಡಿಸ್‌ಗೆ ಗೊತ್ತಾಯಿತು. ಕರುಣೆ ಪಟ್ಟು ಹೇಳುವ ಸುಳ್ಳು ಪರ್ವತದ ಗಾಳಿಯಲ್ಲಿ ಬಹಳ ದೂರ ಕೇಳಿಸುತ್ತದೆ.

ತಾನೇ ಬೈನಾಕ್ಯುಲರ್ ಎತ್ತಿ ನೋಡಿಕೊಳ್ಳಬಹುದಿತ್ತಲ್ಲ ಎಂದರೆ, ಅದಕ್ಕೂ ಕಲ್ಲು ಬಿದ್ದಿತ್ತು. ಜೂನ್‌ನಲ್ಲಿ ಸಾಮಾನು ಹತ್ತಿಸುವಾಗ ಕ್ಲೀಟ್‌ನ ಪೆಟೂನಿಯಾ ಎಂಬ ಹೇಸರಗತ್ತೆ ಹೊರೆಯನ್ನು ಒಂದು ಮರಕ್ಕೆ ಉಜ್ಜಿಕೊಂಡು ಬಂದು, ಬೈನಾಕ್ಯುಲರ್‌ನ ಒಳಗಿನ ಗಾಜು ಅಲುಗಿಹೋಗಿತ್ತು. ಬೆಟ್ಟ, ಮರ ಹೇಗೋ ಕಾಣುತ್ತಿದ್ದವು. ನಕ್ಷತ್ರ ಮಾತ್ರ ಒಂದಕ್ಕೆರಡು. ಬೇರೆಯದನ್ನು ಕಳಿಸುತ್ತೇವೆ ಎಂದು ಕೆಳಗಿನ ಠಾಣೆಯವರು ಹೇಳುತ್ತಲೇ ಇದ್ದರು. ಕ್ಲೀಟ್ ಬಂದಾಗ ಒಂದು ಬೆಳಗ್ಗೆ ಅವನನ್ನೇ ಬಂಡೆಯ ಮೇಲೆ ಕೂರಿಸಿ ನೋಡಿಸಿದ್ದಳು.

"ಏನಾದ್ರೂ ಕಾಣತ್ತಾ?"

"ಕಾಣತ್ತೆ. ಕಂಬ ಕಾಣತ್ತೆ. ಕಂಬಕ್ಕೆ ಬಣ್ಣ ಹೊಡೀಬೇಕು ಅಂತ ಕಾಣತ್ತೆ."

"ಚುಕ್ಕಿ ಕಣೋ!"

"ನೋಡು ಆರ್ಡಿಸ್, ನಂಗೆ ನನ್ನ ಕತ್ತೆ ಹಿಂದುಗಡೆ ಬಿಟ್ರೆ ಬೇರೇನೂ ನೋಡಿ ಅಭ್ಯಾಸ ಇಲ್ಲ. ನಿಂದು ಬಿಡು, ಹದ್ದಿನ ಕಣ್ಣು."

"ಹದ್ದಿಗೂ ವಯಸ್ಸಾಗತ್ತೆ."

ಕ್ಲೀಟ್ ಕಾಫಿಯನ್ನು ಊದಿಕೊಂಡು ಕುಡಿದ. ಅವನಿಗೆ ಜೂನ್‌ನ ಇನ್ನೊಂದು ಸಂಗತಿಯೂ ಗೊತ್ತಿತ್ತು. ಮಳೆ ನಿಂತ ಒಂದು ಮಧ್ಯಾಹ್ನ ಆರ್ಡಿಸ್ ಹೊಗೆ ಎಂದು ವರದಿ ಮಾಡಿದ್ದು ಹೊಗೆಯಾಗಿರಲಿಲ್ಲ, ಮರಗಳ ನಡುವಿನಿಂದ ಏಳುವ ಮಂಜಿನ ಎಳೆಯಾಗಿತ್ತು. ಬೆಂಕಿಯ ತಂಡದವರು ದಿನವಿಡೀ ನಡೆದು ಒದ್ದೆ ಬೂಟಿನಲ್ಲಿ ವಾಪಸ್ಸಾಗಿದ್ದರು. ಹೊಸಬರು ಮಾಡುವ ತಪ್ಪು ಅದು. ಯಾರೂ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ, ಆಡಿಕೊಂಡಿದ್ದರೇ ವಾಸಿಯಿತ್ತು.

ಅದಾದ ಮೇಲೆ ಆರ್ಡಿಸ್‌ಗೆ ಆ ಚುಕ್ಕಿಯೇ ಪರೀಕ್ಷೆಯಾಗಿಬಿಟ್ಟಿತು. ಬೆಂಕಿ ಕಾಯುವವಳಿಗೆ ಕಣ್ಣಲ್ಲದೆ ಬೇರೆ ಆಸ್ತಿಯಿಲ್ಲ. ಇಲ್ಲದ್ದನ್ನು ಕಾಣುವ ಕಣ್ಣು, ಇದ್ದದ್ದನ್ನು ಕಾಣದ ಕಣ್ಣಿಗಿಂತ ಕೆಟ್ಟದ್ದು. ಸೆಪ್ಟೆಂಬರಿನಲ್ಲಿ ಠಾಣೆಯವರು ಪ್ರತಿ ಗೋಪುರವನ್ನೂ ಕೇಳುತ್ತಾರೆ, ಮುಂದಿನ ಬೇಸಿಗೆಗೆ ಬರುತ್ತೀರಾ ಎಂದು. ಕೇಳಿದಾಗ ಇಲ್ಲ ಎನ್ನಬೇಕೆಂದು ಅವಳು ನಿಶ್ಚಯಿಸಿಕೊಂಡಿದ್ದಳು. ಊರಿನಲ್ಲಿ ಅವಳಿಗೆ ಒಂದು ಕೋಣೆಯಿತ್ತು, ಕಿಟಕಿಯಾಚೆ ಇನ್ನೊಂದು ಮನೆಯ ಗೋಡೆ. ಆ ಗೋಡೆಯನ್ನು ನೋಡಲು ಈ ಕಣ್ಣು ಧಾರಾಳ ಸಾಕು.

ಹೀಗೆ ಆ ಚಳಿಯ ಬೆಳಗಿನಲ್ಲಿ ಅವಳು ತಲೆ ಎತ್ತದೆ ಮೆಟ್ಟಿಲು ಹತ್ತಿಬಂದಳು.

ಬೆಳಗಿನ ಹಾಜರಿಯಲ್ಲಿ ಠಾಣೆಯ ಡಾರ್ಲಾ ಒಂದೊಂದೇ ಶಿಖರವನ್ನು ಕೂಗಿ, ಕೊನೆಗೆ, "ನಾಳೆ ಹಾಜರೀಲಿ ಎಲ್ರೂ ಮುಂದಿನ ವರ್ಷದ್ದು ಹೇಳ್ಬಿಡಿ. ಆಮೇಲೆ ನಿಮ್ಮ ಹಿಂದೆ ನನ್ನ ಓಡಿಸ್ಬೇಡಿ, ನಂಗೆ ಮಂಡಿನೋವು," ಎಂದಳು.

ಬಿಸಿಲು ಏರಿ ಗಾಳಿ ಬೆಚ್ಚಗಾಗುವ ಹೊತ್ತಿಗೆ ಆರ್ಡಿಸ್ ಅದನ್ನು ಕಂಡಳು. ಕಣಿವೆಯಾಚೆ ಬಿಳಿಬಂಡೆ ಎಂಬ ಒಂದು ದೊಡ್ಡ ಬೆಟ್ಟಗೋಡೆ. ಅದರ ಎಡಕ್ಕೆ, ಅಂದರೆ ಪೂರ್ವದ ಮಗ್ಗುಲಲ್ಲಿ, ದಾರದ ಎಳೆಯಂಥ ಒಂದು ಬೂದುಬಣ್ಣ. ಕಣ್ಣು ಮುಚ್ಚಿ ತೆರೆದಳು. ಇತ್ತು. ಬೈನಾಕ್ಯುಲರ್ ಎತ್ತಿದಳು; ಅಲುಗಿದ ಗಾಜಿನಲ್ಲಿ ಎಳೆ ಎಲ್ಲೋ ಕಳೆದುಹೋಯಿತು. ಇಳಿಸಿದಳು. ಇತ್ತು. ನಿನ್ನೆ ಮಳೆ ಬಂದಿಲ್ಲ, ಮಂಜು ಏಳಲು ತೇವವೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ರೇಡಿಯೋ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಒತ್ತದೆ ನಿಂತೇ ಇದ್ದಳು. ತಪ್ಪಿದರೆ ನಗುತ್ತಾರೆ ಎಂಬ ಅಂಜಿಕೆಯಲ್ಲ. ತಪ್ಪಿದರೆ ಯಾರೂ ನಗುವುದಿಲ್ಲ ಎಂಬ ಅಂಜಿಕೆ.

ಕೊನೆಗೆ ಒತ್ತಿದಳು. ಕೋಣೆಯ ನಡುವಿನ ದಿಕ್ಕಿನ ಮೇಜಿನಲ್ಲಿ ಗುರಿ ಹಿಡಿದು ಕೋನ ಹೇಳಿದಳು. ವೆಂಡೆಲ್ ತನ್ನ ಮೇಜಿನಿಂದ ಹುಡುಕಿ, "ಹಾಂ, ಏನೋ ಇದೆ," ಎಂದು ತನ್ನ ಕೋನ ಕೊಟ್ಟ. ಠಾಣೆಯ ನಕ್ಷೆಯಲ್ಲಿ ಎರಡು ಗೆರೆಗಳು ಬಿಳಿಬಂಡೆಯ ಮೇಲೆ ಕೂಡಿದವು.

"ಬಂಡೆಯ ಯಾವ ಮಗ್ಗುಲು?" ಡಾರ್ಲಾ ಕೇಳಿದಳು. "ಮಧ್ಯೆ ಕಮರಿ ಇದೆ. ತಪ್ಪಾದ ಕಡೆ ಹತ್ತಿದ್ರೆ ಹುಡುಗ್ರು ಪೂರ್ತಿ ಇಳಿದು ಮತ್ತೆ ಹತ್ಬೇಕು."

"ಪೂರ್ವ," ಎಂದಳು ಆರ್ಡಿಸ್.

ಒಂದು ಕ್ಷಣ ಕರಕರ ಸದ್ದು. ಆಮೇಲೆ ವೆಂಡೆಲ್, ಬಹಳ ಸಂಕೋಚದಿಂದ: "ಡಾರ್ಲಾ, ನಾನು ದೂರದರ್ಶಕ ಇಟ್ಟಿದ್ದೀನಿ. ಬಂಡೆ ಸ್ಪಷ್ಟ ಕಾಣ್ತಿದೆ. ಹೊಗೆ ಪಶ್ಚಿಮದ ಮಗ್ಗುಲಲ್ಲಿದೆ."

"ಟಿನ್‌ಕಪ್, ನೀವೇನಂತೀರಿ?"

ಬೆಟ್ಟಸಾಲಿನ ಎಲ್ಲ ಗೋಪುರಗಳೂ ಕಿವಿ ನೆಟ್ಟು ಕೂತಿದ್ದವು. ಆರ್ಡಿಸ್ ಕಿಟಕಿಯಾಚೆ ನೋಡಿದಳು. ಎಳೆ ಎಡಕ್ಕೇ ಇತ್ತು. ಜುಲೈನ ಚುಕ್ಕಿಯೂ ಹೀಗೆಯೇ ಎಡಕ್ಕೆ ಇತ್ತಲ್ಲ, ಇಷ್ಟೇ ನಿಚ್ಚಳವಾಗಿ.

"ಸ್ಯಾಡ್ಲರ್ ಹೇಳಿದ್ದೇ ಇರ್ಲಿ," ಎಂದಳು.

ಗುಂಡಿ ಬಿಟ್ಟಮೇಲೆ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ನಾಳೆ ಹೇಳಬೇಕಾದ ಮಾತನ್ನು ಇವತ್ತೇ ಹೇಳಿಬಿಟ್ಟ ಹಾಗಿತ್ತು. ಮಧ್ಯಾಹ್ನದ ಸೂಪು ಒಲೆಯ ಮೇಲೆ ತಳ ಹಿಡಿಯಿತು. ಎಳೆ ಸ್ವಲ್ಪ ದಪ್ಪವಾಗಿ, ಮತ್ತೆ ತೆಳ್ಳಗಾಗಿ, ಎಡಕ್ಕೇ ನಿಂತಿತ್ತು. ಅವಳು ಪ್ರಾರ್ಥನೆಗೆ ಕೂತರೆ ಏನು ಬೇಡಬೇಕೋ ತಿಳಿಯಲಿಲ್ಲ. ಕಣ್ಣು ಸರಿಯಿರಲಿ ಎಂದು ಬೇಡಿದರೆ ಹುಡುಗರು ತಪ್ಪಾದ ಮಗ್ಗುಲು ಹತ್ತುತ್ತಿದ್ದಾರೆ ಎಂದಾಗುತ್ತದೆ. ಸರಿಯಿಲ್ಲದಿರಲಿ ಎಂದು ಯಾರು ಬೇಡುತ್ತಾರೆ?

ಬಿಸಿಲು ಓರೆಯಾದಾಗ ತಂಡದ ಮುಖಂಡನ ದನಿ ಬಂತು, ಏದುಸಿರಿನಲ್ಲಿ. "ಪಶ್ಚಿಮದಲ್ಲಿ ಏನೂ ಇಲ್ಲ ಕಣ್ರೀ. ಕಾಡುಹಣ್ಣು ಒಂದಷ್ಟು ಇದೆ, ಕರಡಿ ತಿಂದು ಬಿಟ್ಟಿದ್ದು. ಟಿನ್‌ಕಪ್, ನಿಮಗಿನ್ನೂ ಹೊಗೆ ಕಾಣ್ತಿದೆಯಾ?"

"ಕಾಣ್ತಿದೆ. ಆದ್ರೆ ನನ್ನ ಕಣ್ಣನ್ನ…"

ನಡುವೆ ವೆಂಡೆಲ್‌ನ ದನಿ ನುಗ್ಗಿತು. "ಒಂದ್ನಿಮಿಷ. ಎಲ್ರೂ ಒಂದ್ನಿಮಿಷ ತಡೀರಿ."

ಆ ಹೊತ್ತಿನಲ್ಲಿ ಸ್ಯಾಡ್ಲರ್‌ನ ಗೋಪುರದಲ್ಲಿ ಏನು ನಡೆಯಿತೆಂದರೆ, ಬಿಳಿಬಂಡೆಯ ಪಕ್ಕದಲ್ಲಿ ತುದಿ ಮುರಿದ ಒಂದು ಒಣಮರ ನಿಂತಿತ್ತು. ಬರಿಗಣ್ಣಿಗೂ ಕಾಣುವಷ್ಟು ದೊಡ್ಡದು. ಗಾಜಿನೊಳಗೆ ಅದು ಬಂಡೆಯ ಬಲಕ್ಕಿತ್ತು. ವೆಂಡೆಲ್ ಬೆನ್ನು ನೇರ ಮಾಡಿ ತಲೆ ಎತ್ತಿದರೆ ಎಡಕ್ಕಿತ್ತು. ಮತ್ತೆ ಬಗ್ಗಿದ, ಬಲ. ಎತ್ತಿದ, ಎಡ. ಜೀವಮಾನವೆಲ್ಲ ಕನ್ನಡಿಯ ಎದುರು ನಿಂತು ಜನರ ಬೈತಲೆ ತೆಗೆದವನು, ಕೊಳವೆಯ ಮೊಣಕೈಯಲ್ಲಿ ಕೂತಿದ್ದ ಕನ್ನಡಿಯನ್ನು ಇಡೀ ಬೇಸಿಗೆ ಮರೆತಿದ್ದ.

"ಪೂರ್ವ," ಎಂದ. "ಹೊಗೆ ಪೂರ್ವಕ್ಕಿದೆ. ನನ್ನ ಗಾಜು ಎಡಾನ ಬಲ ಮಾಡಿ ತೋರಿಸ್ತಿತ್ತು. ತಪ್ಪು ನಂದು. ಟಿನ್‌ಕಪ್ ಮೊದಲೇ ಹೇಳಿದ್ರು."

"ದೇವ್ರೇ," ಎಂದ ಮುಖಂಡ. "ಸ್ಯಾಡ್ಲರ್, ನೀವು ಕ್ಷೌರ ಮಾಡ್ತಿದ್ದಾಗ ಎಷ್ಟು ಕಿವಿ ಹೋಯ್ತು?"

"ಎಲ್ಲಾ ಬಲಗಿವಿ," ಎಂದ ವೆಂಡೆಲ್. ಆದರೆ ಆ ತಮಾಷೆಯಲ್ಲಿ ಅವನ ಜೀವವಿರಲಿಲ್ಲ.

ಸಂಜೆಯ ಹೊತ್ತಿಗೆ ತಂಡದವರು ಪೂರ್ವದ ಮಗ್ಗುಲಲ್ಲಿ ಸಿಡಿಲು ಹೊಡೆದ ಒಂದು ಮರವನ್ನು ಕಂಡರು. ಬೇರಿನಲ್ಲಿ ಕೆಂಡ ಕಟ್ಟಿಕೊಂಡು ಮೆಲ್ಲಗೆ ಉಸಿರಾಡುತ್ತಿತ್ತು. ಅಗೆದು, ಮಣ್ಣು ಮುಚ್ಚಿ, ಆರಿಸಿದರು. ಗಾಳಿ ಎದ್ದಿದ್ದರೆ ಬೇರೆಯೇ ಕಥೆಯಾಗುತ್ತಿತ್ತು. ಏಳಲಿಲ್ಲ, ದೇವರ ದಯೆ. ಆರ್ಡಿಸ್ ತಳ ಹಿಡಿದ ಪಾತ್ರೆಯನ್ನು ಉಜ್ಜುತ್ತಾ ನಿಂತಿದ್ದಾಗ ಅವಳ ಮನಸ್ಸಿಗೆ ಜುಲೈನ ಆ ಚುಕ್ಕಿಯ ಬಗ್ಗೆ ಒಂದು ಯೋಚನೆ ಬಂತು. ಬಂದದ್ದನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ದೀಪ ಆರಿಸಿ ಮಲಗಿದಳು.

ಮರುದಿನ ಮುಂಜಾನೆ ರೇಡಿಯೋ ಅವಳಿಗಿಂತ ಮೊದಲು ಎದ್ದಿತ್ತು.

"ಟಿನ್‌ಕಪ್, ನಾನು ಸ್ಯಾಡ್ಲರ್. ಎದ್ದಿದ್ದೀರಾ?"

"ಈಗ ಎದ್ದೆ. ಎಲ್ಲಿ ಬೆಂಕಿ?"

"ಬೆಂಕಿ ಇಲ್ಲ. ನಂಗೆ ನಿದ್ದೆ ಬರ್ಲಿಲ್ಲ. ಈಗ ಗುರೂನ ಗಾಜಲ್ಲಿ ಹಿಡಿದಿಟ್ಟಿದ್ದೀನಿ. ಎಲ್ಲಿ ಕಾಣತ್ತೋ ಅದಕ್ಕೆ ಎದುರು ಮಗ್ಗುಲು ಅಂತ ಲೆಕ್ಕ ಹಾಕ್ಕೊಂಡೇ ಕೂತಿದ್ದೀನಿ. ನಾನು ಹೇಳಲ್ಲ. ನೀವು ಇಳಿದು ನೋಡಿ ಹೇಳ್ತೀರಾ?"

ಆರ್ಡಿಸ್ ಟೋಪಿ ಹಾಕಿಕೊಂಡು, ಕೈರೇಡಿಯೋ ಜೇಬಿಗಿಟ್ಟು ಮೆಟ್ಟಿಲಿಳಿದಳು. ಪೂರ್ವದ ಅಂಚು ಸೀಬೆಹಣ್ಣಿನ ತಿರುಳಿನ ಬಣ್ಣಕ್ಕೆ ತಿರುಗುತ್ತಿತ್ತು. ಬಂಡೆ ತಣ್ಣಗೆ ಕೊರೆಯುತ್ತಿತ್ತು. ಕೂತು ತಲೆ ಎತ್ತಿದಳು.

ಮೊದಲು ಗುರುವಿನ ಉರಿ ಕಣ್ಣಿಗೆ ಚುಚ್ಚಿತು. ಕತ್ತನ್ನು ಕೂದಲೆಳೆಯಷ್ಟು ಸರಿಸಿ ಅದನ್ನು ಕಂಬದ ಎಡ ಅಂಚಿನ ಹಿಂದೆ ಅಡಗಿಸಿದಳು. ಏನೂ ಇಲ್ಲ. ಬರಿಯ ನೀಲಿ. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಂಡಳು. ಬಂಡೆಯ ಮೇಲೆ ಇತ್ತ ಸರಿದು, ಬಲ ಅಂಚಿಗೆ ತಂದು ಕಾದಳು. ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ. ಆ ಕಡೆ ನೇರ ನೋಡಬಾರದು. ಪಕ್ಕದಲ್ಲಿ ಬೇರೇನನ್ನೋ ನೋಡುತ್ತಿದ್ದೇವೆ ಎಂಬಂತೆ ಇರಬೇಕು, ಕಾಡಿನ ಮೃಗ ತಾನಾಗಿ ಹತ್ತಿರ ಬರಲಿ ಎಂದು ಕೂತ ಹಾಗೆ. ಯಾರು ನೋಡಲಿ ಬಿಡಲಿ, ಆ ಸಣ್ಣ ಬೆಳಕು ತನ್ನ ದೊಡ್ಡವನನ್ನು ಸುತ್ತುತ್ತಲೇ ಇರುತ್ತದೆ. ಹೆಸ್ಟರ್ ಇದ್ದಾಗಲೂ ಸುತ್ತುತ್ತಿತ್ತು, ಇಲ್ಲದಿರುವಾಗಲೂ ಸುತ್ತುತ್ತದೆ.

ಬಂತು. ಸೂಜಿಮೊನೆ. ಹೋಯಿತು. ಮತ್ತೆ ಬಂದು ನಿಂತಿತು.

ಅವಳು ಗುಂಡಿ ಒತ್ತಿದಳು. "ಬಲ."

ರೇಡಿಯೋದಲ್ಲಿ ಗಾಳಿಯ ಸದ್ದಷ್ಟೇ. ಆಮೇಲೆ ವೆಂಡೆಲ್‌ನ ದನಿ. "ಹೌದು."

ಆರ್ಡಿಸ್ ಅಲ್ಲೇ ಕೂತಿದ್ದಳು. ಬೆಳಕು ಏರಿ ಚುಕ್ಕಿ ಕರಗಿತು, ಗುರುವೂ ಕರಗಿದ. ಅವಳ ಕೆನ್ನೆ ಒದ್ದೆಯಾಗಿತ್ತು. ಚಳಿಗೆ ಕಣ್ಣಲ್ಲಿ ನೀರು ಬರುವುದು ಸಹಜವೇ.

ಹಾಜರಿಯ ಹೊತ್ತಿಗೆ ಅವಳ ಕಾಫಿ ಎರಡನೆಯ ಲೋಟಕ್ಕೆ ಬಂದಿತ್ತು. ಡಾರ್ಲಾ ಒಂದೊಂದೇ ಶಿಖರವನ್ನು ಕೇಳಿಕೊಂಡು ಬಂದಳು. ಒಬ್ಬರು ಬರುತ್ತೇನೆ ಎಂದರು, ಒಬ್ಬರು ಮಗಳ ಬಾಣಂತನ ಎಂದರು, ಒಬ್ಬರು ಹೆಂಡತಿಯನ್ನು ಕೇಳಬೇಕು ಎಂದು ಎಲ್ಲರನ್ನೂ ನಗಿಸಿದರು.

"ಟಿನ್‌ಕಪ್, ಮುಂದಿನ ಬೇಸಿಗೆ?"

"ಬರ್ತೀನಿ," ಎಂದಳು ಆರ್ಡಿಸ್. "ಸರಿಯಾದ ಬೈನಾಕ್ಯುಲರ್ ಕಳಿಸಿ. ಆ ಪೆಟೂನಿಯಾ ಮೇಲೆ ಮಾತ್ರ ಹೇರ್ಬೇಡಿ."

"ಸರಿ. ಸ್ಯಾಡ್ಲರ್?"

"ಬರ್ತೀನಿ. ಡಾರ್ಲಾ, ಒಂದ್ನಿಮಿಷ ಚಾನೆಲ್ ಬಿಟ್ಟುಕೊಡ್ತೀರಾ? ಟಿನ್‌ಕಪ್ ಜೊತೆ ಮಾತಾಡೋದಿತ್ತು. ಎಲ್ರೂ ಕೇಳಿಸ್ಕೊಂಡ್ರೆ ಒಳ್ಳೇದೇ."

"ಬೇಗ ಮುಗಿಸಿ."

"ಟಿನ್‌ಕಪ್, ಸ್ಯಾಡ್ಲರ್," ಎಂದ ವೆಂಡೆಲ್. ದನಿ ಎತ್ತರಿಸಲಿಲ್ಲ. ಗಿರಾಕಿಯ ಕುತ್ತಿಗೆಯಿಂದ ಬಟ್ಟೆ ತೆಗೆಯುವವನ ಮೆದು ದನಿ ಅದು. "ಜುಲೈನಲ್ಲಿ ನೀವು ಎಡ ಅಂದ್ರಿ. ಹೌದು. ಆಗಸ್ಟಿನಲ್ಲಿ ಬಲ ಅಂದ್ರಿ. ಹೌದು. ಆಮೇಲೆ ಇನ್ನೊಂದ್ಸಲ ಎಡ ಅಂದ್ರಿ, ನಂಗೆ ಸರಿಯಾಗಿ ಕಾಣ್ಲಿಲ್ಲ ಅಂತ ನಾನು ಸುಳ್ಳು ಹೇಳಿದೆ. ಅದೂ ಹೌದು."